ಅಧಿಕಾರವೇ ಇಲ್ಲದ ಮೇಯರ್ ಕುರ್ಚಿ ನಿಮಗ್ಯಾಕೆ?

ಬಳ್ಳಾರಿಯ ನಮ್ಮ ವಾರ್ಡಿನಲ್ಲಿ ನೀರಿಗಾಗಿ ಓಡಾಡಲು ಶುರು ಮಾಡಿ ಹನ್ನೆರಡು ವರ್ಷ ಆಯಿತು. "ಅಕ್ಕಾ, ಎಲೆಕ್ಷನ್‌ಗೆ ನಿಂತು ಮೇಯರ್ ಆಗ್ರಿ" ಅಂತ ಒಬ್ಬರು ಹೇಳಿದರೆ, ಪಕ್ಕದವರು ಕೂಡಲೇ ಕೇಳುತ್ತಾರೆ: "ಮೇಯರ್‌ಗೆ ಏನು ಅಧಿಕಾರ ಇದೆ? ಸುಮ್ನೆ ಹಾರ ಹಾಕಿಸ್ಕೊಳ್ಳೋದು, ಅಲ್ವಾ?"

ಆ ಮಾತಿನಲ್ಲಿ ಅರ್ಧ ನಿಜ ಇದೆ. ಮೇಯರನ್ನು ನಾವು ನೇರವಾಗಿ ಆರಿಸುವುದಿಲ್ಲ. ನಮ್ಮ 39 ವಾರ್ಡುಗಳ ಕಾರ್ಪೊರೇಟರುಗಳ ಜೊತೆ ಶಾಸಕರು, ಸಂಸದರು ಸೇರಿ ಆರಿಸುತ್ತಾರೆ. ಅವಧಿ ಒಂದೇ ವರ್ಷ. ಯಾರ ಸರದಿ ಅನ್ನುವುದು ಮೀಸಲಾತಿಯ ಮೇಲೆ ನಿಂತಿದೆ. ದಿನದ ಆಡಳಿತ ಸರ್ಕಾರ ನೇಮಿಸಿದ ಆಯುಕ್ತರದ್ದು.

ಇನ್ನರ್ಧ ನನಗೆ ಗೊತ್ತಾಗಿದ್ದು ಒಂದು ಕ್ಯಾಲೆಂಡರಿನಿಂದ.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಓದು ಬರಹ ಬರುವುದಿಲ್ಲ. ನಲ್ಲಿಯಲ್ಲಿ ನೀರು ಬಂದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟು ಇಡುತ್ತಾರೆ. ಊರಿಗೆ ನೀರು ಕೊಡುವ ಅಲ್ಲೀಪುರ ಕೆರೆ ತುಂಬಿದ ತಿಂಗಳಲ್ಲೂ ಬೊಟ್ಟು ಮೂರೋ ನಾಲ್ಕೋ. ನಾವು ಕೊಟ್ಟ ಅರ್ಜಿಗಳಿಗೆ ಒಂದು ಕಚೇರಿಯಲ್ಲಿ ಸೀಲು ಬಿತ್ತು, ಅಷ್ಟೇ. ಕೊನೆಗೆ ಆ ಕ್ಯಾಲೆಂಡರನ್ನೇ ಒಬ್ಬ ಕಾರ್ಪೊರೇಟರ್ ಕೈಗೆ ಕೊಟ್ಟೆವು. ವಿಷಯ ಪಾಲಿಕೆಯ ಸಾಮಾನ್ಯ ಸಭೆಗೆ ಬಂತು, ನಡಾವಳಿಯಲ್ಲಿ ಸೇರಿತು. ಅರ್ಜಿಯನ್ನು ಫೈಲಿನ ಅಡಿಗೆ ಹಾಕಬಹುದು. ಆದರೆ ಸಭೆಯ ಠರಾವಿಗೆ ಮುಂದಿನ ಸಭೆಯಲ್ಲಿ ಲೆಕ್ಕ ಕೊಡಬೇಕು. ನಾಲ್ಕು ತಿಂಗಳಲ್ಲಿ ನಮ್ಮ ಬೀದಿಯ ಹಳೇ ವಾಲ್ವ್ ಬದಲಾಯಿತು.

ಆ ಸಭೆಯ ಅಧ್ಯಕ್ಷತೆ ಮೇಯರ್ ಅವರದ್ದು. ಯಾರಿಗೆ ಮಾತಾಡಲು ಬಿಡಬೇಕು, ಯಾವ ಪ್ರಶ್ನೆಗೆ ಅಧಿಕಾರಿಗಳಿಂದ ಉತ್ತರ ಬರುವವರೆಗೂ ಕಾಯಬೇಕು ಅನ್ನುವುದು ಅವರ ಕೈಯಲ್ಲಿದೆ. ಮತ ಸಮ ಬಿದ್ದರೆ ನಿರ್ಣಾಯಕ ಮತವೂ ಅವರದ್ದೇ. ಕೊಡ ಹಿಡಿದು ಸಾಲಿನಲ್ಲಿ ನಿಂತವರು ಅಲ್ಲಿ ಕೂತರೆ ನೀರಿನ ವಿಷಯವನ್ನು "ಮುಂದಿನ ಸಭೆಗೆ ನೋಡೋಣ" ಅಂತ ತಳ್ಳುವುದು ಅಷ್ಟು ಸುಲಭ ಅಲ್ಲ. ನಾನು ಇದನ್ನು ನಂಬುತ್ತೇನೆ.

2023ರಲ್ಲಿ 23 ವರ್ಷದ ಡಿ. ತ್ರಿವೇಣಿ ನಮ್ಮ ಮೇಯರ್ ಆದಾಗ ಬೀದಿಯ ಹುಡುಗಿಯರು ಟಿವಿ ಮುಂದಿನಿಂದ ಏಳಲೇ ಇಲ್ಲ. ಆ ಹುಡುಗಿಯರ ಮುಖ ನನಗೆ ಇನ್ನೂ ನೆನಪಿದೆ.

ಹಾಗಾಗಿ ನನ್ನ ಉತ್ತರ: ಹೌದು, ಮುಂದಿನ ಚುನಾವಣೆಗೆ ನಿಲ್ಲುತ್ತೇನೆ. ಮೊದಲು ಕಾರ್ಪೊರೇಟರ್ ಆಗಬೇಕು. ಮೇಯರ್ ಸರದಿ ಬಂದರೆ ಬೇಡ ಅನ್ನುವುದಿಲ್ಲ. ಅಜ್ಜಿಗೆ ಆಗಲೇ ಹೇಳಿದ್ದೇನೆ, ಹಳೇ ಕ್ಯಾಲೆಂಡರುಗಳನ್ನು ಎಸೆಯಬೇಡಿ ಅಂತ.