ಬರ್ ಬಂತಾ?

ಹೋಟೆಲ್ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾದರೂ ನನಗೆ ಚಾಕು ಮಸೆಯಲು ಬರುತ್ತಿರಲಿಲ್ಲ. ಬರುತ್ತದೆ ಅಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಸಾಣೆಕಲ್ಲಿನ ಮೇಲೆ ಆ ಬದಿ ಹತ್ತು ಸಲ, ಈ ಬದಿ ಹತ್ತು ಸಲ ಎಳೆಯುತ್ತಿದ್ದೆ. ಆಗ ಚೂರು ಹರಿತ ಅನಿಸುತ್ತಿತ್ತು. ಮಧ್ಯಾಹ್ನದೊಳಗೆ ಮತ್ತೆ ಮೊಂಡು. ಒಂದು ದಿನ ಟೊಮೆಟೊ ಸಿಪ್ಪೆಯ ಮೇಲೆ ಜಾರಿ ಎಡಗೈ ಬೆರಳು ಕೊಯ್ಯಿತು. ಮೊಂಡು ಚಾಕುವನ್ನು ಜಾಸ್ತಿ ಒತ್ತಬೇಕಾಗುತ್ತದೆ ಅಲ್ವಾ, ಹಾಗಾಗಿ ತಪ್ಪಿದಾಗ ಗಾಯವೂ ಆಳ.

ಬೆರಳಿಗೆ ಪಟ್ಟಿ ಕಟ್ಟಿದ ಮೇಲೆ ನಮ್ಮ ಹಿರಿಯ ಅಡುಗೆಯವರು ನನ್ನ ಚಾಕು ತಿರುಗಿಸಿ ನೋಡಿದರು. "ಮಸೆಯುವಾಗ ಬರ್ ಬಂತೇನಪ್ಪಾ?" ಅಂದರು. ನಾನು ಆ ಮಾತನ್ನೇ ಕೇಳಿರಲಿಲ್ಲ.

ಒಂದೇ ಬದಿ ಮಸೆಯುತ್ತಾ ಹೋದರೆ ಲೋಹ ಸವೆದು ಸವೆದು ಕೊನೆಗೆ ಅಂಚಿನ ತುದಿ ಮುಟ್ಟುತ್ತದೆ. ಆಗ ತುದಿಯ ತೆಳು ಲೋಹ ಆಚೆ ಬದಿಗೆ ಮಡಚಿಕೊಳ್ಳುತ್ತದೆ. ಅದೇ ಬರ್. ಕಣ್ಣಿಗೆ ಕಾಣುವುದು ಕಷ್ಟ. ಹೆಬ್ಬೆರಳನ್ನು ಚಾಕುವಿನ ಬೆನ್ನಿನಿಂದ ಅಂಚಿನ ಕಡೆಗೆ ಹಗುರವಾಗಿ ಸವರಿ, ಅಂಚು ದಾಟಿಸಿದರೆ ಸಣ್ಣಗೆ ತಡೆಯುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳೆಯಲೇಬಾರದು. ಬರ್ ಬಂದಿಲ್ಲ ಅಂದರೆ ಕಲ್ಲು ಇನ್ನೂ ತುದಿ ಮುಟ್ಟಿಲ್ಲ. ಎಷ್ಟು ಸಲ ಎಳೆದೆ ಅನ್ನುವ ಲೆಕ್ಕಕ್ಕೆ ಬೆಲೆಯಿಲ್ಲ.

ಅವರು ಅಂಚಿನ ಇಳಿಜಾರಿಗೆ ಮಾರ್ಕರ್ ಪೆನ್ನಿನ ಮಸಿ ಹಚ್ಚಿ ಎಳೆಯಲು ಹೇಳಿದರು. ನಾಲ್ಕು ಸಲ ಎಳೆದೆ. ಮೇಲಿನ ಮಸಿ ಹೋಗಿತ್ತು, ತುದಿಯದು ಹಾಗೇ ಇತ್ತು. ಚಾಕುವನ್ನು ತೀರಾ ಮಲಗಿಸಿದ್ದೆ. ಬೆನ್ನು ಸ್ವಲ್ಪ ಎತ್ತಿದೆ, ತುದಿಯ ಮಸಿಯೂ ಹೋಯಿತು. 45 ಮಿ.ಮೀ. ಅಗಲದ ಅಲಗಿಗೆ 15 ಡಿಗ್ರಿ ಕೋನ ಬೇಕಾದರೆ ಬೆನ್ನು ಕಲ್ಲಿನಿಂದ ಸುಮಾರು 12 ಮಿ.ಮೀ. ಮೇಲಿರಬೇಕು, 20 ಡಿಗ್ರಿಗೆ 15 ಮಿ.ಮೀ. ಯಾವುದನ್ನೇ ಆರಿಸಿ, ಅದು ಅಲುಗಾಡಬಾರದು. ನನಗೆ ತುಂಬಾ ದಿನ ಹಿಡಿದದ್ದು ಇದಕ್ಕೇ. ಚಾಕುವಿನ ಮೂತಿ ಬಾಗುವ ಕಡೆ ಹಿಡಿಯನ್ನು ತುಸು ಎತ್ತದಿದ್ದರೆ ಅಲ್ಲಿ ಕಲ್ಲು ತಾಗುವುದೇ ಇಲ್ಲ.

ನನ್ನ ಹಳೇ ತಪ್ಪು ಎರಡು ಅಂತ ಆಮೇಲೆ ತಿಳಿಯಿತು. ಹಿಡಿಯ ಹತ್ತಿರ ಮತ್ತು ಮೂತಿಯಲ್ಲಿ ಬರ್ ಬರುತ್ತಲೇ ಇರಲಿಲ್ಲ. ನಡುವೆ ಬರುತ್ತಿತ್ತು, ಅದನ್ನು ತೆಗೆಯುತ್ತಿರಲಿಲ್ಲ. ಬೆಳಿಗ್ಗೆ ಹರಿತ ಅನಿಸುತ್ತಿದ್ದದ್ದು ಆ ಬರ್. ಹಲಗೆಗೆ ನಾಲ್ಕು ಸಲ ಬಡಿದರೆ ಅದು ಮಡಚಿಕೊಳ್ಳುತ್ತದೆ, ಇಲ್ಲವೇ ಮುರಿಯುತ್ತದೆ.

ಈಗ 1000 ನಂಬರಿನ ಕಲ್ಲಿನಲ್ಲಿ ಶುರು ಮಾಡುತ್ತೇನೆ (ನಂಬರ್ ಹೆಚ್ಚಿದಷ್ಟೂ ಕಲ್ಲು ನಯ). ಅಂಚು ಚಕ್ಕೆ ಎದ್ದಿದ್ದರೆ ಮಾತ್ರ 400. ಒಂದು ಬದಿ ಉದ್ದಕ್ಕೂ ಬರ್ ಸಿಗುವ ತನಕ ಚಾಕು ಮಗುಚುವುದಿಲ್ಲ. ಎರಡೂ ಬದಿ ಆದಮೇಲೆ 3000ದ ಕಲ್ಲಿನಲ್ಲಿ ಒತ್ತಡ ಕಡಿಮೆ ಮಾಡುತ್ತಾ, ಬದಿ ಬದಲಿಸುತ್ತಾ ಒಂದೊಂದೇ ಸಲ ಎಳೆಯುತ್ತೇನೆ. ಕೊನೆಯಲ್ಲಿ ಚಾಕುವಿನ ಭಾರವಷ್ಟೇ ಸಾಕು. ಎರಡೂ ಕಡೆ ಬೆರಳಿಗೆ ಏನೂ ತಡೆಯದಿದ್ದರೆ ಬರ್ ಹೋಯಿತು. ಕೆಲಸದ ನಡುವೆ ಉಕ್ಕಿನ ಕೋಲಿಗೆ ಎಳೆಯುವುದು ಬಾಗಿದ ಅಂಚನ್ನು ನೆಟ್ಟಗೆ ಮಾಡಲು, ಸವೆದ ಅಂಚಿಗೆ ಕಲ್ಲೇ ಬೇಕು.

ಕಲ್ಲೂ ನಡುವೆ ತಗ್ಗು ಬೀಳುತ್ತದೆ, ಆಗ ಕೋನ ನಿಲ್ಲುವುದಿಲ್ಲ. ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಸಮ ಮಾಡುವ ಕಲ್ಲಿನಿಂದ ಉಜ್ಜುತ್ತೇನೆ. ನಡುವಿನ ಗೆರೆ ಅಳಿಸುವುದೇ ಕೊನೆಗೆ.