ನಮ್ಮೂರ ಕಾವಲು, ಪಹಣೀಲಿ ಖರಾಬು

ಕಾಲೇಜಲ್ಲಿದ್ದಾಗ ಒಂದ್ಸಲ ಕ್ಯಾಂಪು ಅಂತ ಹೋಗಿ ಮೂವತ್ತು ಜನ ಹುಡುಗ್ರು ಕಡೂರು ಕಡೆ ನಮ್ಮೂರಿನ ಕಾವಲಲ್ಲೇ, ಅಂದ್ರೆ ದನ ಕುರಿ ಮೇಯೋ ಹುಲ್ಲುಗಾವಲಲ್ಲೇ, ಗಿಡ ನೆಟ್ಟಿದ್ವಿ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನದವರೆಗೂ ಗುಂಡಿ, ಸಾಯಂಕಾಲ ಭಾಷಣ. "ಬೋಳು ನೆಲಕ್ಕೆ ಹಸಿರು ಸೀರೆ" ಅಂತ ಬ್ಯಾನರ್ ಬರ್ದಿದ್ದೂ ನಾನೇ, ಅಕ್ಷರ ಚೆನ್ನಾಗಿದೆ ಅಂತ ನನ್ನ ಕೈಗೆ ಬ್ರಶ್ ಕೊಟ್ಟಿದ್ರು. ಹೊಂಗೆ, ಸೀಮೆತಂಗಡಿ, ಜೊತೆಗೆ ಒಂದಷ್ಟು ಅಕೇಶಿಯಾ. ಗುಂಡಿ ತೋಡೋಕೆ ಅಡ್ಡ ಅಂತ ಮೊಣಕಾಲೆತ್ತರದ ಹುಲ್ಲನ್ನ ಕುಡುಗೋಲಲ್ಲಿ ಸವರಿ ಆಚೆ ಎಸೆದಿದ್ದು ಈಗ್ಲೂ ನೆನಪಿದೆ. ಅದು ಬೋಳು ನೆಲ ಆಗಿದ್ರೆ ಸವರೋಕೆ ಹುಲ್ಲು ಎಲ್ಲಿಂದ ಬಂತು ಅಂತ ಮೂವತ್ತು ಜನದಲ್ಲಿ ಒಬ್ಬರಿಗೂ ಹೊಳೀಲಿಲ್ಲ ನೋಡಿ.

ಈಗ ನನ್ನ ಕೆಲಸಾನೇ ಹುಲ್ಲು ಎಣಿಸೋದು. ಪಾಲಿಸಿ ರಿಸರ್ಚ್ ಅಂದ್ರೆ ಮನೇಲಿ ಯಾರಿಗೂ ಅರ್ಥ ಆಗಲ್ಲ, ಅಮ್ಮ ಕೇಳಿದೋರಿಗೆಲ್ಲ "ಅರಣ್ಯದ್ದು ಏನೋ ಫೈಲ್ ಕೆಲ್ಸ" ಅಂತಾರೆ, ಅದೂ ಪೂರ್ತಿ ಸುಳ್ಳಲ್ಲ. ಅರ್ಧ ತಿಂಗಳು ಪಹಣಿ, ಸರ್ಕಾರಿ ಆದೇಶ, ಹಳೇ ನಕ್ಷೆ ಓದೋದು, ಇನ್ನರ್ಧ ತಿಂಗಳು ಪಿವಿಸಿ ಪೈಪಲ್ಲಿ ಮಾಡಿದ ಒಂದು ಮೀಟರ್ ಚೌಕ ಹಿಡ್ಕೊಂಡು ಕಾವಲಲ್ಲಿ ಅಲೆಯೋದು. ಚೌಕ ನೆಲಕ್ಕಿಟ್ಟು ಅದರೊಳಗೆ ಎಷ್ಟು ಜಾತಿ ಹುಲ್ಲು, ಎಷ್ಟು ಬರಿ ನೆಲ ಅಂತ ಬರ್ಕೊಬೇಕು. ಮೊದಲ ದಿನ ಮಂಡಿಯೂರಿ ಕೂತಿದ್ದಾಗ ಕುರಿ ಹೊಡ್ಕೊಂಡು ಬಂದ ಮಾವ ಒಬ್ರು ಹತ್ರ ನಿಂತು, "ಏನ್ಲಾ, ಕಾಸ್ ಬಿದ್ದೋಯ್ತಾ?" ಅಂದ್ರು.

ಅವರೇ ಆಮೇಲೆ ನನಗೆ ಕರಡ ಅನ್ನೋ ಹುಲ್ಲಿನ ಬೀಜ ತೋರ್ಸಿದ್ದು. ಹುಲ್ಲು ಹಣ್ಣಾದಾಗ ಅದರ ಬೀಜಕ್ಕೆ ಉದ್ದನೆ ಕಂದು ಬಾಲ ಇರುತ್ತೆ, ಸುತ್ತಿದ ದಾರದ ಥರ ಹುರಿಗೊಂಡಿರುತ್ತೆ, ಮುಂದ್ಗಡೆ ಸೂಜಿ ಮೊನೆ. ಅಂಗೈ ಮೇಲಿಟ್ಟು ಒಂದು ಹನಿ ನೀರು ಹಾಕಿದ್ರೆ ತಾನಾಗೇ ಗಿರಗಿರ ಅಂತ ತಿರುಗೋಕೆ ಶುರು ಮಾಡುತ್ತೆ, ಕಚಗುಳಿ ಇಟ್ಟಂಗಾಗುತ್ತೆ. ಮಳೆ ಬಿದ್ದಾಗ ಹುರಿ ಬಿಚ್ಕೊಳ್ಳುತ್ತೆ, ಬಿಸಿಲಿಗೆ ಮತ್ತೆ ಸುತ್ಕೊಳ್ಳುತ್ತೆ, ಹಿಂಗೆ ತಿರುಗಿ ತಿರುಗಿ ಬೈರಿಗೆ ಥರ ನೆಲದೊಳಗೆ ಇಳಿದುಬಿಡುತ್ತೆ. ಯಾರೂ ಗುಂಡಿ ತೋಡಬೇಕಿಲ್ಲ, ನೀರು ಹಾಕಬೇಕಿಲ್ಲ, ಬ್ಯಾನರ್ರೂ ಬೇಕಿಲ್ಲ. ಮಾವಂಗೆ ಆ ಬೀಜ ಕಂಡ್ರೆ ಆಗಲ್ಲ, ಕುರಿ ತುಪ್ಪಟಕ್ಕೆ ಅಂಟ್ಕೊಂಡು ಚರ್ಮಕ್ಕೆ ಚುಚ್ಚುತ್ತೆ ಅಂತ, ಆದ್ರೆ ಅದೇ ಹುಲ್ಲು ಎಳೇದಿದ್ದಾಗ ಕುರಿಗೆ ಹಬ್ಬದೂಟ ಅಂತ ಅವರೇ ಹೇಳ್ತಾರೆ.

ಸರಿ, ಈ ಜಾಗ ಫೈಲಲ್ಲಿ ಏನು ಅಂತ ನೋಡೋಣ ಅಂದ್ರೆ ಅಲ್ಲಿ "ಖರಾಬು". ನಮ್ಮ ಕಂದಾಯದ ಭಾಷೇಲಿ ಹುಲ್ಲುಬನ್ನಿ ಖರಾಬು ಅಂತಾನೇ ಒಂದು ಹೆಸರಿದೆ. ಉಳುಮೆ ಆಗಲ್ಲ, ಕಂದಾಯ ಬರಲ್ಲ, ಹಂಗಾಗಿ ಕೆಟ್ಟ ನೆಲ. ಬ್ರಿಟಿಷರ ಕಾಲದ ಲೆಕ್ಕ ಇದು, ಅವರು ಹೋದ್ರೂ ಲೆಕ್ಕ ಹೋಗ್ಲಿಲ್ಲ. ದೆಹಲಿ ಮಟ್ಟದಲ್ಲಿ ಅದಕ್ಕೊಂದು ದೊಡ್ಡ ಅಟ್ಲಾಸೇ ಇದೆ, ಗ್ರಾಮೀಣಾಭಿವೃದ್ಧಿಯವರೂ ಉಪಗ್ರಹದ ಚಿತ್ರ ತೆಗೆಯೋರೂ ಸೇರಿ 2000ದಿಂದ ಹೊರತರ್ತಿರೋ ಪಾಳುಭೂಮಿ ಅಟ್ಲಾಸು. ಅದರಲ್ಲಿ ಕುರುಚಲು ಕಾಡು, ಮೇವಿನ ಬಯಲು, ಮರಳು ದಿಬ್ಬ ಎಲ್ಲಾನೂ ಪಾಳಿನ ಲೆಕ್ಕಕ್ಕೇ ಹೋಗಿದೆ. ಬಯಲು ಅಂದ್ರೆ ಕಾಡು ಕಡಿದು ಉಳಿದಿದ್ದು ಅನ್ನೋ ನಂಬಿಕೆ. ನಮ್ಮ ಬಯಲುಸೀಮೆ ಯಾರೋ ಕಾಡು ಕಡಿದು ಮಾಡಿದ್ದಲ್ಲ ಸ್ವಾಮಿ, ಅದು ಇರೋದೇ ಹಂಗೆ.

ಮಜಾ ಅಂದ್ರೆ ಮೈಸೂರು ರಾಜ್ಯಕ್ಕೆ ಇದು ಮುಂಚೇನೇ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಆಯ್ತು, ಆ ದನಗಳಿಗಂತ ಮೀಸಲಿಟ್ಟ ಹುಲ್ಲುಗಾವಲೇ ಈ ಕಾವಲುಗಳು. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇದ್ವು, ದನ ಒಂದು ಕಡೆ ಮೇಯ್ತಿದ್ರೆ ಇನ್ನೊಂದು ಕಡೆ ಹುಲ್ಲು ಚಿಗುರ್ಕೊಳ್ತಿತ್ತು. ಇವತ್ತು ನಾವು ಸೆಮಿನಾರಲ್ಲಿ "ರೊಟೇಷನಲ್ ಗ್ರೇಜಿಂಗ್" ಅಂತ ಸ್ಲೈಡ್ ಹಾಕ್ಕೊಂಡು ಹೇಳೋದು ಇದನ್ನೇ.

ಹೆಸರಲ್ಲೇನಿದೆ ಅಂತ ಕೇಳ್ಬೋದು. ಎಲ್ಲಾ ಅದರಲ್ಲೇ ಇದೆ. 1996ರ ಡಿಸೆಂಬರ್ 12ಕ್ಕೆ ಸುಪ್ರೀಂ ಕೋರ್ಟು ಗೋದಾವರ್ಮನ್ ಕೇಸಲ್ಲಿ, ಯಾರ ಜಮೀನಾದ್ರೂ ಆಗಲಿ, ನಿಘಂಟಿನ ಅರ್ಥದಲ್ಲಿ ಅದು ಕಾಡಾಗಿದ್ರೆ ಅರಣ್ಯ ಕಾಯ್ದೆ ಅನ್ವಯಿಸುತ್ತೆ ಅಂತು. ಬಹಳ ದೊಡ್ಡ ಮಾತು. ಆದ್ರೆ ಹುಲ್ಲುಗಾವಲಿನ ಅರ್ಥ ನೋಡೋಕೆ ಯಾವ ಕೋರ್ಟೂ ನಿಘಂಟು ತೆಗೀಲಿಲ್ಲ. ಅಲ್ಲಿಗೆ ಏನಾಯ್ತು, ಕಾಡು ಮುಟ್ಟಬೇಕಂದ್ರೆ ದೆಹಲಿವರೆಗೂ ಫೈಲ್ ಹೋಗ್ಬೇಕು, ಪಾಳುಭೂಮಿಗೆ ಅಷ್ಟು ಕಷ್ಟ ಇಲ್ಲ. ಚಳ್ಳಕೆರೆ ಕಡೆ ದೊಡ್ಡುಳ್ಳಾರ್ತಿ, ಖುದಾಪುರ, ವರವು ಕಾವಲುಗಳು ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೋ, ಬಾರ್ಕ್, ಐಐಎಸ್‌ಸಿ ಥರದ ಸಂಶೋಧನಾ ಸಂಸ್ಥೆಗಳಿಗೆ ಹೋದ್ವಲ್ಲ, ಹಸಿರು ನ್ಯಾಯಮಂಡಳಿವರೆಗೂ ಜಗಳ ಹೋಯ್ತು. ದೇಶಕ್ಕೆ ಸಂಶೋಧನೆ ಬೇಡ ಅಂತ ನಾನೇನೂ ಹೇಳ್ತಿಲ್ಲ, ಆದ್ರೆ ಅಷ್ಟೇ ದೊಡ್ಡ ಮರಗಾಡಾಗಿದ್ರೆ ಅಷ್ಟು ಸಲೀಸಾಗಿ ಕೊಡೋಕಾಗ್ತಿತ್ತಾ ಅಂತ ಕೇಳ್ಕೊಳ್ಳಿ.

ಇದಕ್ಕಿಂತ ನನಗೆ ಹೊಟ್ಟೆ ಉರಿಯೋದು ಉಳಿಸ್ತೀವಿ ಅಂತ ಬಂದು ಹಾಳು ಮಾಡೋದು ಕಂಡಾಗ. ಎಲ್ಲೋ ಗಣಿಗೋ ಡ್ಯಾಮಿಗೋ ಕಾಡು ಹೋದ್ರೆ ಅದಕ್ಕೆ ಬದಲಿ ಕಾಡು ಬೆಳೆಸಬೇಕು ಅಂತ ನಿಯಮ ಇದೆ, ದುಡ್ಡಿಗೆ 2016ರ ಕಾಂಪಾ ಕಾಯ್ದೆ ಇದೆ, ಜಾಗ ಎಲ್ಲಿಂದ ಬರ್ಬೇಕು? ಖಾಲಿ ಕಾಣೋ ಬಯಲಿಂದ. ಅಂದ್ರೆ ಅಲ್ಲಿ ಕಾಡೂ ಹೋಯ್ತು, ಇಲ್ಲಿ ಹುಲ್ಲೂ ಹೋಯ್ತು, ರಿಜಿಸ್ಟರಲ್ಲಿ ಮಾತ್ರ ಸೊನ್ನೆಗೆ ಸೊನ್ನೆ ಸರಿಹೋಯ್ತು. ಗಿಡ ನೆಟ್ಟೋರಿಗೆ ಕ್ರೆಡಿಟ್ ಕೊಡೋ ಕೇಂದ್ರದ ಯೋಜನೆ, ಗ್ರೀನ್ ಕ್ರೆಡಿಟ್ ಅಂತ ಬಂದಾಗ ನೋಡಿದ್ರೆ 2024ರ ನಿಯಮದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡ, ಕುರುಚಲು, ಪಾಳು ಯಾವುದಾದ್ರೂ ಸೈ ಅಂತ ಇತ್ತು. ಹೆಕ್ಟೇರಿಗೆ 1,100 ಗಿಡ ಅಂದ್ರೆ ಹತ್ತಡಿಗೊಂದು. ಅದರ ಕೆಳಗೆ ಕರಡ ಬೆಳೆಯಲ್ಲ, ಬಿಸಿಲಿಲ್ದೆ ಬದುಕೋ ಜಾತಿ ಅಲ್ಲ ಅದು.

ರಾಣೆಬೆನ್ನೂರು ನೋಡಿ. ಕೃಷ್ಣಮೃಗಕ್ಕಂತ 1974ರಲ್ಲಿ 119 ಚದರ ಕಿಲೋಮೀಟರ್ ಅಭಯಾರಣ್ಯ ಮಾಡಿದ್ರು, ಅದರ ಬಹುಪಾಲು ನೀಲಗಿರಿ ತೋಪು. ಬಯಲಲ್ಲಿ ದೂರದಿಂದಲೇ ಶತ್ರು ನೋಡಿ ಓಡಿ ಬದುಕೋ ಪ್ರಾಣಿ ಅದು. ಎರೆಭೂತ ಹಕ್ಕಿಯಂತೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಒಂದು ಕಾಲಕ್ಕೆ ಅಲ್ಲೂ ಕಾಣ್ತಿತ್ತು, ಈಗ ಆ ಕಡೆ ಇಲ್ವೇ ಇಲ್ಲ. ನೀಲಗಿರಿ ಹೊಸದಾಗಿ ನೆಡಬಾರದು ಅಂತ 2017ರಲ್ಲಿ ನಮ್ಮ ರಾಜ್ಯ ಆದೇಶ ಮಾಡಿತು, ಅದೂ ಅಂತರ್ಜಲದ ಚಿಂತೆಗೆ, ಹುಲ್ಲಿನ ಮೇಲಿನ ಪ್ರೀತಿಗಲ್ಲ.

ಒಳ್ಳೇದೂ ಆಗಿದೆ. ನಮ್ಮ ಕಡೆನೇ ಬಾಸೂರು ಕಾವಲು, ಸುಮಾರು 1,800 ಎಕರೆ, 2011ರಿಂದ ಸಂರಕ್ಷಣಾ ಮೀಸಲು. ಕೊಪ್ಪಳದ ಬಂಕಾಪುರದಲ್ಲಿ ತೋಳಕ್ಕಂತಾನೇ ಮೀಸಲಿಟ್ಟ ಜಾಗ ಇದೆ. ರಿಸರ್ಚಿನವರ ಕಡೆಯಿಂದ್ಲೂ 2022ರಲ್ಲಿ ಒಂದು ನಕ್ಷೆ ಬಂತು, ಒಣಸೀಮೆಯ ಇಂಥ ನೈಸರ್ಗಿಕ ಬಯಲುಗಳು ದೇಶದ ನೆಲದಲ್ಲಿ ಶೇ. 10ರಷ್ಟಿವೆ, ಅದರಲ್ಲಿ ಶೇ. 5ಕ್ಕಿಂತ ಕಮ್ಮಿ ಮಾತ್ರ ಅಭಯಾರಣ್ಯ ಗಿಭಯಾರಣ್ಯದ ಒಳಗಿದೆ ಅಂತ ತೋರಿಸ್ತು. ನಮ್ಮಂಥೋರಿಗೆ ಅದು ಮೀಟಿಂಗಲ್ಲಿ ಟೇಬಲ್ ಮೇಲಿಡೋಕೆ ಸಿಕ್ಕ ಮೊದಲ ಗಟ್ಟಿ ಸಾಮಾನು.

ಹಂಗಂತ ಸುಮ್ನೆ ಬಿಟ್ರೆ ಕಾವಲು ತಾನೇ ಉಳಿಯುತ್ತೆ ಅಂತಲ್ಲ. ಬಳ್ಳಾರಿ ಜಾಲಿ ಮತ್ತೆ ಲಂಟಾನ ನುಗ್ಗಿರೋ ಕಡೆ ಬುಡಸಮೇತ ಕೀಳಬೇಕು, ಬರೀ ಕಡಿದ್ರೆ ಎರಡು ಪಟ್ಟು ಚಿಗುರುತ್ತೆ. ಕಿತ್ತ ಮೇಲೆ ಸುತ್ತಮುತ್ತ ಹುಲ್ಲಿಂದ ಬೀಜ ತಂದು ಚೆಲ್ಲಿ, ಎರಡು ಮಳೆಗಾಲ ಮೇಯಿಸೋದು ನಿಲ್ಲಿಸ್ಬೇಕು. ಆ ಎರಡು ವರ್ಷ ಕುರಿ ಎಲ್ಲಿಗೆ ಹೋಗ್ಬೇಕು ಅನ್ನೋದನ್ನ ಯಾವ ಪ್ಲಾನಲ್ಲೂ ಬರೆಯಲ್ಲ, ಬೇಲಿ ಖರ್ಚು ಮಾತ್ರ ಪೈಸೆ ಸಮೇತ ಬರೀತಾರೆ. ನಮ್ಮ ಮೊದಲ ಡ್ರಾಫ್ಟಲ್ಲೂ ಇರ್ಲಿಲ್ಲ, ಮಾವ ಕೇಳಿದ್ಮೇಲೆ ಸೇರಿಸಿದ್ದು.

ನಾವು ನೆಟ್ಟ ಗಿಡ ಏನಾಯ್ತು ಅಂತ ಹೋದ್ಸಲ ಹುಡುಕ್ಕೊಂಡು ಹೋಗಿದ್ದೆ. ಹೊಂಗೆ ಒಂದೂ ಇಲ್ಲ, ಅಕೇಶಿಯಾ ಹದಿನಾಲ್ಕು ಉಳಿದಿದೆ. ಒಂದರ ಬುಡದಲ್ಲಿ ಚೌಕ ಇಟ್ಟು ನೋಡಿದೆ. ಒಣಗಿದ ಎಲೆ ಕೈಗೆ ಎರಡು ಬೆರಳು ದಪ್ಪ ಸಿಗ್ತು, ಅದರಡಿ ಒಂದೆಸಳು ಹುಲ್ಲಿಲ್ಲ. ಹತ್ತು ಹೆಜ್ಜೆ ಆಚೆ ಬಿಸಿಲಲ್ಲಿ ಚೌಕ ಇಟ್ರೆ ಒಂಬತ್ತು ಜಾತಿ. ನೆರಳಾದ್ರೂ ಸಿಕ್ತಲ್ಲ ಮಾವ ಅಂತ ನಗಾಡ್ದೆ. "ಕುರಿ ನೆರಳ್ ಮೇಯ್ತದೇನ್ಲಾ?" ಅಂದ್ರು.

ಈಗ ಈ ಕಾವಲಿನ ಪುನಶ್ಚೇತನಕ್ಕೆ ಒಂದು ಪ್ರಸ್ತಾವನೆ ಕಳಿಸಿದೀವಿ. ಇಪ್ಪತ್ತೆರಡು ಪುಟ, ನಕ್ಷೆ, ಹುಲ್ಲಿನ ಪಟ್ಟಿ, ಕುರಿ ಮಂದೆ ಓಡಾಡೋ ದಾರಿ ಎಲ್ಲಾ ಹಾಕಿ. ಅನುಬಂಧದಲ್ಲಿ "ನೆಡಲು ಉದ್ದೇಶಿಸಿರುವ ಸಸಿಗಳ ಸಂಖ್ಯೆ" ಅಂತ ಒಂದು ಕಾಲಂ ಇತ್ತು, ಖಾಲಿ ಬಿಟ್ಟಿದ್ವಿ. ಕಾಲಂ ಭರ್ತಿ ಮಾಡಿಲ್ಲ ಅಂತ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ವಾಪಸ್ ಬಂತು. ಮೊನ್ನೆ ಸೋಮವಾರ ಅದೇ ಜಾಗದಲ್ಲಿ 0 ಅಂತ ಬರ್ದು ಮತ್ತೆ ಕಳಿಸಿದೀವಿ.