‘ಟಕ್’ ಎಂದು ಸುಮ್ಮನಾಗುವ ಸೆಲ್ಫ್: ಹಳೆಯ ಕಾರಿನ ರಿಪೇರಿ ದಿನಚರಿ

ಮೊದಲನೆಯ ಶನಿವಾರ

ಕೀಲಿ ತಿರುಗಿಸಿದರೆ, ಎಂಜಿನ್ನನ್ನು ಚಾಲೂ ಮಾಡುವ ‘ಸೆಲ್ಫ್’ ಮೋಟಾರಿನಿಂದ ಒಂದೇ ಒಂದು ದಪ್ಪನೆಯ ‘ಟಕ್’, ಆಮೇಲೆ ಮೌನ. ಐದನೆಯ ಸಲ ಏನೂ ನಡೆದೇ ಇಲ್ಲವೆಂಬಂತೆ ಎಂಜಿನ್ ಹತ್ತಿಕೊಂಡಿತು. ಪಕ್ಕದ ಮನೆಯ ರಾಯರು ಕಾಂಪೌಂಡಿನ ಆಚೆಯಿಂದಲೇ ತೀರ್ಪು ಕೊಟ್ಟರು: “ಬ್ಯಾಟರಿ ಹೋಗಿದೆ, ಬದಲಾಯಿಸಿಬಿಡಿ.”

ನನಗೆ ನಂಬಿಕೆ ಬರಲಿಲ್ಲ. ಬ್ಯಾಟರಿ ಸೋತಿದ್ದರೆ ಸಾಮಾನ್ಯವಾಗಿ ‘ಟಕಟಕಟಕ’ ಎಂದು ಹಲ್ಲಿ ಲೊಚಗುಟ್ಟುವ ಹಾಗೆ ಸದ್ದು ಬರುತ್ತದೆ. ಸೆಲ್ಫಿನ ಮೇಲಿರುವ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತದ ಸ್ವಿಚ್ ಎಳೆದುಕೊಳ್ಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬಿಟ್ಟುಬಿಡುತ್ತದೆ, ಮತ್ತೆ ಎಳೆಯುತ್ತದೆ. ಇಲ್ಲಿ ಹಾಗಿರಲಿಲ್ಲ. ಹೆಡ್‌ಲೈಟ್ ಹಾಕಿಕೊಂಡು ಕೀಲಿ ತಿರುಗಿಸಿದೆ. ಬೆಳಕು ಒಂದಿಷ್ಟೂ ಮಂಕಾಗಲಿಲ್ಲ. ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯಬೇಕಾದ ಮೋಟಾರಿಗೆ ಕರೆಂಟೇ ತಲುಪುತ್ತಿಲ್ಲ ಎಂದಾಯಿತು.

ಭಾನುವಾರ

ಮಲ್ಟಿಮೀಟರ್ ಹಿಡಿದು ಕುಳಿತೆ, ಕೀಲಿ ತಿರುಗಿಸಲು ಮಗಳು. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್, ‘ಟಕ್’ ಎಂದಾಗಲೂ 12.4. ಎಂಜಿನ್ ತಿರುಗಿದ ಸಲ 10.3ಕ್ಕೆ ಇಳಿಯಿತು. 9.6ಕ್ಕಿಂತ ಕೆಳಗೆ ಹೋಗಿದ್ದರೆ ಬ್ಯಾಟರಿಯನ್ನೇ ಅನುಮಾನಿಸುತ್ತಿದ್ದೆ. ಅರ್ಥ್ ಕೇಬಲ್ಲಿನಲ್ಲಿ 0.15 ವೋಲ್ಟ್ ನಷ್ಟ. ಅದೂ ಸರಿ.

ಕೊನೆಗೆ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಮೀಟರ್ ಇಟ್ಟೆ. ‘ಟಕ್’ ಎಂದಾಗಲೂ ಪೂರ್ತಿ 12 ವೋಲ್ಟ್! ಒಳಗಿನ ಸ್ವಿಚ್ ಸರಿಯಾಗಿ ಕೂಡಿಕೊಂಡಿದ್ದರೆ ಅಲ್ಲಿ ಅರ್ಧ ವೋಲ್ಟೂ ಕಾಣಬಾರದು. ಕಳ್ಳ ಸಿಕ್ಕಿಬಿದ್ದ.

ಎರಡನೆಯ ಶನಿವಾರ

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿದೆ. ಇದನ್ನು ಮರೆತರೆ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿ ಕಿಡಿ ಹಾರುತ್ತದೆ. ಹಿಂದೊಮ್ಮೆ ಮರೆತದ್ದರ ಗುರುತು ನನ್ನ 12ನೇ ನಂಬರ್ ಸ್ಪ್ಯಾನರಿನ ಮೇಲೆ ಇನ್ನೂ ಇದೆ. ಸೆಲ್ಫ್ ಹಿಡಿದಿರುವುದು ಎರಡೇ ಬೋಲ್ಟು, ಕೈ ಹೋಗದ ಜಾಗದ ಎರಡನೆಯದಕ್ಕೆ ಒಂದೂವರೆ ಗಂಟೆ ಹಿಡಿಯಿತು.

ಸೊಲೆನಾಯ್ಡ್ ಎರಡು ಕೆಲಸ ಮಾಡುತ್ತದೆ. ಅದರೊಳಗೆ ಸರಿಯುವ ಪ್ಲಂಜರ್ ಒಂದು ಕಡೆ ಫೋರ್ಕನ್ನು ಎಳೆದು, ಬೆಂಡಿಕ್ಸ್ ಎಂಬ ಒಮ್ಮುಖ ಕ್ಲಚ್ಚಿನ ಪುಟ್ಟ ಹಲ್ಲುಚಕ್ರವನ್ನು (ಪಿನಿಯನ್) ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲುಗಳಿಗೆ ಕೂಡಿಸುತ್ತದೆ. ಅದೇ ಎಳೆತದ ಕೊನೆಯಲ್ಲಿ, ಹಿಂದಿನ ತಾಮ್ರದ ಬಿಲ್ಲೆಯನ್ನು ಆ ಎರಡು ದಪ್ಪ ಬೋಲ್ಟುಗಳಿಗೆ ಒತ್ತಿ ಮೋಟಾರಿಗೆ ಕರೆಂಟು ಬಿಡುತ್ತದೆ. ಹಲ್ಲು ಕೂಡಿದ ಮೇಲೆಯೇ ಮೋಟಾರು ಪೂರ್ತಿ ಬಲದಲ್ಲಿ ತಿರುಗಬೇಕಲ್ಲ, ಆ ಕ್ರಮ ಇದರಿಂದಲೇ ಬರುವುದು. ನಮ್ಮ ‘ಟಕ್’ ಮೊದಲ ಕೆಲಸದ ಸದ್ದು. ಎರಡನೆಯದು ನಡೆಯುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಬೋಲ್ಟುಗಳ ತಲೆ ಒಂದು ಬದಿಯಲ್ಲಿ ಸುಟ್ಟು ಗುಳಿ ಬಿದ್ದಿತ್ತು.

1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಕೂರಿಸುವವರೆಗೆ ಹೆಚ್ಚಿನವರು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಅದು ತಿರುಗಿ ಬಡಿದರೆ ಕೈ ಮುರಿಯುತ್ತಿತ್ತು. ತಾನೇ ಚಾಲೂ ಆಗುವ ಬೆರಗು ‘ಸೆಲ್ಫ್’ ಎಂಬ ಹೆಸರಿನಲ್ಲಿ ನಮ್ಮ ಗ್ಯಾರೇಜುಗಳಲ್ಲಿ ಉಳಿದುಕೊಂಡಿದೆ.

ಮರುದಿನ

ಬೋಲ್ಟುಗಳನ್ನು ಅರ್ಧ ಸುತ್ತು ತಿರುಗಿಸಿ ಸವೆಯದ ಬದಿಯನ್ನು ಬಿಲ್ಲೆಗೆ ಎದುರಾಗಿಸಿದೆ, ಬಿಲ್ಲೆಯನ್ನು ಮಗುಚಿ ಹಾಕಿದೆ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್‌ಗಳು ಹೊಸದರ ಅರ್ಧಕ್ಕಿಂತ ಗಿಡ್ಡವಾಗಿದ್ದವು, ಬದಲಾಯಿಸಿದೆ. ಅವು ತಾಗುವ ತಾಮ್ರದ ಪಟ್ಟಿಗಳ ಉರುಳೆ, ಕಮ್ಯುಟೇಟರನ್ನು, ನಯವಾದ ಮರಳು ಕಾಗದದಿಂದ ಉಜ್ಜಿದೆ. ಎಮರಿ ಕಾಗದ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕರೆಂಟು ಹರಿಸಬಲ್ಲದು. ಬೆಂಡಿಕ್ಸ್ ಒಂದು ಕಡೆ ಸಲೀಸಾಗಿ ತಿರುಗಿ, ಇನ್ನೊಂದು ಕಡೆ ಗಟ್ಟಿಯಾಗಿ ಹಿಡಿಯಿತು. ಎರಡೂ ಕಡೆ ಜಾರಿದ್ದರೆ ಮೋಟಾರು ಸುಮ್ಮನೆ ‘ಸುಯ್’ ಎನ್ನುತ್ತದೆ, ಎಂಜಿನ್ ಅಲುಗುವುದಿಲ್ಲ.

ಮೋಟಾರಿನೊಳಗೆ ತಿರುಗುವ ಆರ್ಮೇಚರಿನ ತಂತಿ ಸುತ್ತು ಸುಟ್ಟ ವಾಸನೆ ಹೊಡೆಯುತ್ತಿದ್ದರೆ, ಅಥವಾ ಅದರ ದಂಡವನ್ನು ಹಿಡಿದಿರುವ ಬುಷ್ ಸವೆದು ಆರ್ಮೇಚರ್ ಒಳಗೋಡೆಗೆ ಉಜ್ಜಿದ ಗೆರೆಗಳಿದ್ದರೆ ಈ ಶ್ರಮವನ್ನೆಲ್ಲ ಬಿಟ್ಟು ಇಡೀ ಸೆಲ್ಫನ್ನೇ ಬದಲಾಯಿಸುತ್ತಿದ್ದೆ. ಅಲ್ಲಿ ಜಿಪುಣತನ ಮಾಡಿದವರು ಆರು ತಿಂಗಳಲ್ಲಿ ಮತ್ತೆ ಕಾರಿನ ಕೆಳಗೆ ಮಲಗುತ್ತಾರೆ.

ಸಂಜೆ ಜೋಡಿಸಿ ಕೀಲಿ ತಿರುಗಿಸಿದೆ. ಮೊದಲ ಸಲಕ್ಕೇ ಹತ್ತಿತು. ಸತತ ಇಪ್ಪತ್ತು ಸಲ ನೋಡಿದೆ, ನಡುನಡುವೆ ಮೋಟಾರು ಆರಲು ಬಿಟ್ಟು.

ಒಂದು ಬಾಕಿ ಇದೆ. ಸೆಲ್ಫ್ ಹೊರಗಿದ್ದಾಗ ಆ ಕಿಂಡಿಯಿಂದ ಟಾರ್ಚ್ ಹಾಕಿ ಫ್ಲೈವೀಲನ್ನು ಒಂದು ಸುತ್ತು ತಿರುಗಿಸಿ ನೋಡಿದ್ದೆ. ಮೂರು ಸಿಲಿಂಡರಿನ ಎಂಜಿನ್ ನಿಲ್ಲುವಾಗ ಹೆಚ್ಚುಕಡಿಮೆ ಅದೇ ಮೂರು ಜಾಗಗಳಲ್ಲಿ ನಿಲ್ಲುತ್ತದೆ, ಹಲ್ಲು ಸವೆಯುವುದೂ ಅಲ್ಲಿಯೇ. ಒಂದು ಜಾಗದಲ್ಲಿ ನಾಲ್ಕು ಹಲ್ಲುಗಳ ಅಂಚು ಮೊಂಡಾಗಿದೆ. ಆ ಹಲ್ಲುಗಳಿರುವ ರಿಂಗ್ ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಪ್ಲೇಟಿನ ಸರದಿ ಬರುವವರೆಗೆ ಅದನ್ನು ಮುಟ್ಟುವುದಿಲ್ಲ.